ಕಾರ್ಯದರ್ಶಿಯ ಸೇವೆ, ತಂಡದ ಬೆಳವಣಿಗೆ

ಪಿಂಪ್ರಿಯ ಓದುಗರೊಬ್ಬರು ಬರೆಯುತ್ತಾರೆ: "ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗಾಗಿ ನಮ್ಮ ಕನ್ನಡ ಸಂಘ ಸಂಜೆ ಪಾಠಶಾಲೆ ನಡೆಸುತ್ತಿದೆ. ಕಾರ್ಯದರ್ಶಿಯಾದ ನಾನು ಕಸ ಗುಡಿಸುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಎಲ್ಲವನ್ನೂ ಮಾಡುತ್ತೇನೆ, ಯಾರನ್ನೂ ಗದರುವುದಿಲ್ಲ. ಆದರೂ ಹಿಂಜವಡಿಯ ಕಂಪನಿಗಳಿಂದ ಬರುವ ಸ್ವಯಂಸೇವಕರು ಕೆಲವೇ ತಿಂಗಳಲ್ಲಿ ಬಿಟ್ಟುಹೋಗುತ್ತಾರೆ. ಸೇವಕ ನಾಯಕತ್ವವೆಂಬುದು ಭಾಷಣಕ್ಕೆ ಮಾತ್ರ ಸರಿಯೇ?"

ಮಾನ್ಯರೇ,

ನಿಮ್ಮ ದುಡಿಮೆಯ ಮೇಲೆ ನಮಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇವೆ: ಎಲ್ಲ ಕೆಲಸವನ್ನೂ ನೀವೇ ಹೊತ್ತುಕೊಂಡಿರುವುದರಿಂದ ಉಳಿದವರಿಗೆ ಅಲ್ಲಿ ಮಾಡಲು ಏನೂ ಉಳಿದಿಲ್ಲ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯಲ್ಲಿ ದೀರ್ಘಕಾಲ ದುಡಿದು 1964ರಲ್ಲಿ ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್, 1970ರ ಪ್ರಬಂಧವೊಂದರಲ್ಲಿ ಸೇವಕ ನಾಯಕತ್ವದ, ಅಂದರೆ ಮೊದಲು ಸೇವೆ ಮಾಡುವವನೇ ನಾಯಕ ಎಂಬ ವಿಚಾರವನ್ನು ಮಂಡಿಸಿದಾಗ, ನಾಯಕ ಎಷ್ಟು ದಣಿದ ಎಂಬುದನ್ನು ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಸೇವೆ ಪಡೆದವರು ಬೆಳೆದರೇ, ಹೆಚ್ಚು ವಿವೇಕಿಗಳೂ ಸ್ವತಂತ್ರರೂ ಆದರೇ, ತಾವೂ ಸೇವೆಗೆ ಮುಂದಾದರೇ ಎಂಬುದೇ ಅವರು ಒಡ್ಡಿದ ಪರೀಕ್ಷೆ. ಪಾಠಶಾಲೆಯಲ್ಲಿ ನಿಮ್ಮ ಸೇವೆ ಮಕ್ಕಳಿಗೆ ಮಾತ್ರವಲ್ಲ, ಪಾಠ ಹೇಳುವವರಿಗೂ ಸಲ್ಲಬೇಕು.

ಇದಕ್ಕೆ ದೂರದ ಉದಾಹರಣೆ ಬೇಡ, ನಿಮ್ಮ ಪಕ್ಕದ ಪುಣೆಯನ್ನೇ ನೋಡಿ. ಗೋಪಾಲಕೃಷ್ಣ ಗೋಖಲೆಯವರು 1905ರ ಜೂನ್ 12ರಂದು ಅಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದಲ್ಲಿ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ) ಹೊಸ ಸದಸ್ಯನಿಗೆ ಐದು ವರ್ಷಗಳ ತರಬೇತಿ ಕಡ್ಡಾಯವಾಗಿತ್ತು. ಓದು ಮತ್ತು ದೇಶ ಸಂಚಾರ ಎರಡೂ ಅದರಲ್ಲಿ ಸೇರಿದ್ದವು. ಗೋಖಲೆಯವರು 1915ರಲ್ಲಿ, 48ರ ವಯಸ್ಸಿನಲ್ಲಿಯೇ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಸಮಾಜದ ಸದಸ್ಯರಲ್ಲಿ ಶ್ರೀನಿವಾಸ ಶಾಸ್ತ್ರಿಗಳು ಅದರ ಅಧ್ಯಕ್ಷರಾದರು; ಗೋಖಲೆಯವರು ಬದುಕಿದ್ದಾಗಲೇ ಮುಂಬಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗ್ ಕಟ್ಟಿದ್ದ ಎನ್. ಎಂ. ಜೋಶಿಯವರು 1920ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವಾದ ಎಐಟಿಯುಸಿಯ ಸ್ಥಾಪನೆಯಲ್ಲಿ ಮುಂದೆ ನಿಂತರು. ಠಕ್ಕರ್ ಬಾಪಾ ಭಿಲ್ಲ ಆದಿವಾಸಿಗಳ ನಡುವೆ ದುಡಿಯಲು ಹೊರಟರು. ಇವರು ಯಾರೂ ಗೋಖಲೆಯವರ ಅಪ್ಪಣೆಗೆ ಕಾಯುತ್ತ ಕೂರುವ ಸಹಾಯಕರಾಗಿ ಉಳಿಯಲಿಲ್ಲ ಎಂಬುದೇ ಆ ಗುರುವಿನ ನಾಯಕತ್ವಕ್ಕೆ ನಮಗೆ ಸಿಗುವ ಅತ್ಯುತ್ತಮ ಸಾಕ್ಷಿ.

ಈಗ ನಿಮ್ಮ ಸ್ವಯಂಸೇವಕರ ಕಡೆಯಿಂದ ಯೋಚಿಸಿ. ಕಚೇರಿಯಲ್ಲಿ ದೊಡ್ಡ ಹೊಣೆ ನಿಭಾಯಿಸುವ ತರುಣಿಯೊಬ್ಬಳು ಭಾನುವಾರದ ಬಿಡುವನ್ನು ಬಿಟ್ಟುಕೊಟ್ಟು ಬಂದಾಗ, ಯಾವ ಪಾಠ ಯಾವಾಗ ಎಂಬುದೂ, ಪುಸ್ತಕ ಎಲ್ಲಿ ಕೊಳ್ಳಬೇಕೆಂಬುದೂ ಮೊದಲೇ ನಿರ್ಧಾರವಾಗಿದ್ದರೆ, ಆಕೆ ಅಲ್ಲಿ ಎಷ್ಟು ದಿನ ನಿಲ್ಲುತ್ತಾಳೆ? ಮೂರನೆಯ ತರಗತಿಯ ಮಕ್ಕಳ ಓದನ್ನು ಪೂರ್ತಿಯಾಗಿ ಅವಳಿಗೇ ಒಪ್ಪಿಸಿ. ಅದಕ್ಕೆ ಬೇಕಾದ ಚಿಕ್ಕ ಮೊತ್ತವನ್ನು ಖರ್ಚು ಮಾಡುವ ಅಧಿಕಾರವನ್ನೂ ಕೊಡಿ. ತಿಂಗಳಿಗೊಮ್ಮೆ ಕುಳಿತು, ಏನು ತೊಡಕಾಗಿದೆ ಎಂದು ಕೇಳಿ, ಆ ತೊಡಕನ್ನು ತೆಗೆದುಹಾಕುವುದಷ್ಟೇ ನಿಮ್ಮ ಪಾಲಿಗಿರಲಿ. ಅವಳು ನಿಮಗಿಂತ ಬೇರೆ ರೀತಿಯಲ್ಲಿ ಮಾಡುತ್ತಾಳೆ, ಕೆಲವೊಮ್ಮೆ ತಪ್ಪುತ್ತಾಳೆ. ಅದನ್ನು ಸಹಿಸುವುದು ಕಸ ಗುಡಿಸುವುದಕ್ಕಿಂತ ಕಷ್ಟದ ಸೇವೆ.

ಗದರುವುದಿಲ್ಲ ಎಂದಿದ್ದೀರಿ, ಒಳ್ಳೆಯದು. ಆದರೆ ಹೇಳದೆ ಕೇಳದೆ ಪಾಠ ತಪ್ಪಿಸುವವರಿಗೆ ಏನನ್ನೂ ಹೇಳದಿದ್ದರೆ, ಅವರ ಪಾಠವನ್ನೂ ತುಂಬಿಕೊಡುವ ಪ್ರಾಮಾಣಿಕರಿಗೆ ಅನ್ಯಾಯವಾಗುತ್ತದೆ. ಒಬ್ಬರನ್ನೇ ಕೂರಿಸಿಕೊಂಡು ಸ್ಪಷ್ಟವಾಗಿ ಮಾತಾಡಿ.

ಸಂಬಳದ ಶಿಕ್ಷಕರಿದ್ದರೆ ಅವರಿಗೆ ನಿಗದಿತ ದಿನದಂದೇ ಸಂಬಳ ಸೇರಲಿ. ನಿಮ್ಮ ತ್ಯಾಗ ನಿಮ್ಮ ಆಯ್ಕೆ. ಸೇವೆಯ ಹೆಸರಿನಲ್ಲಿ ಅದನ್ನು ಅವರಿಂದಲೂ ನಿರೀಕ್ಷಿಸಬಾರದು.

ಕೊನೆಯದಾಗಿ, ನಿಮ್ಮ ನಂತರ ಯಾರು ಎಂಬ ಪ್ರಶ್ನೆಯನ್ನು ಮುಂದಿನ ಸಭೆಯಲ್ಲೇ ಎತ್ತಿ. ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸ (ಟ್ರಸ್ಟ್) ಕಾನೂನಿನಂತೆ ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಆ ಬದಲಾವಣೆಯ ವರದಿ (ಚೇಂಜ್ ರಿಪೋರ್ಟ್) ಸಲ್ಲಿಸಬೇಕು. ಆ ಕಾಗದಪತ್ರ, ಲೆಕ್ಕದ ಪುಸ್ತಕ, ಬ್ಯಾಂಕಿನ ವ್ಯವಹಾರಗಳನ್ನು ಈ ವರ್ಷವೇ ಇಬ್ಬರು ಕಿರಿಯರಿಗೆ ಕಲಿಸಲು ಶುರುಮಾಡಿ. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕ ಒಪ್ಪಿಸುವವರು ಅವರಾಗಲಿ.

— ಸಂಪಾದಕರು, ಮುಂಬಯಿ