ಕಿಲ್ಟ್‌ಗೆ ಯಾವ ಟೋಪಿ? ಮೊದಲು ಜಾಕೆಟ್ ನೋಡಿ

ಸ್ಕಾಟ್ಲೆಂಡ್‌ನ ಅಬರ್ಡೀನ್‌ನಿಂದ ಹಾಸನ ಮೂಲದ ಓದುಗರೊಬ್ಬರು ಬರೆದಿದ್ದಾರೆ. ಅಕ್ಟೋಬರ್‌ನಲ್ಲಿ ಇನ್ವರ್ನೆಸ್ ಹತ್ತಿರ ಅವರ ಸಹೋದ್ಯೋಗಿಯ ಮದುವೆ. ಮಧ್ಯಾಹ್ನ ತೋಟದಲ್ಲಿ ಮದುವೆ, ಸಂಜೆ ಒಳಗೆ ಊಟ, ಕುಣಿತ. ನೀನೂ ಕಿಲ್ಟ್ ಹಾಕ್ಕೊಂಡೇ ಬರಬೇಕು ಅಂತ ಮದುಮಗನೇ ಕೇಳಿಕೊಂಡಿದ್ದಾನೆ. ಕಿಲ್ಟ್ ಅಂದರೆ ಅಲ್ಲಿಯ ಗಂಡಸರು ಸೊಂಟಕ್ಕೆ ಉಡುವ, ಮಂಡಿಯವರೆಗಿನ ನೆರಿಗೆ ಬಟ್ಟೆ. ಅದು ಬಾಡಿಗೆಗೆ ಸಿಕ್ಕಿದೆ. "ತಲೆಗೆ ಏನು ಹಾಕಲಿ? ಒಬ್ಬರು ಗ್ಲೆನ್‌ಗ್ಯಾರಿ ಅಂತಾರೆ, ಇನ್ನೊಬ್ಬರು ಬಾಲ್ಮೋರಲ್ ಅಂತಾರೆ. ನನ್ನ ಹೆಂಡತಿ ಮೈಸೂರು ಪೇಟ ಇಟ್ಕೊಳ್ಳಿ ಅಂತಾಳೆ. ಗೊತ್ತಿಲ್ಲದೆ ಏನೋ ಹಾಕಿಕೊಂಡು ಅವರ ಮನಸ್ಸಿಗೆ ಬೇಜಾರಾಗಬಾರದು" ಎಂದು ಕೇಳಿದ್ದಾರೆ.

ಆತ್ಮೀಯರೇ,

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಗಲು ಹೊರಗೆ ಇರುವಾಗ ಕಡುನೀಲಿ ಬಾಲ್ಮೋರಲ್, ಅಂದರೆ ದುಂಡಗಿನ ಚಪ್ಪಟೆ ಉಣ್ಣೆ ಟೋಪಿ. ಸಂಜೆ ಒಳಗೆ ಬರಿತಲೆ. ಪೇಟದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಲ್ಲರೂ ಕಿಲ್ಟ್ ನೋಡಿ ಟೋಪಿ ಹುಡುಕುತ್ತಾರೆ. ಆದರೆ ಕಿಲ್ಟ್ ಹಗಲಿಗೂ ಅದೇ, ರಾತ್ರಿಗೂ ಅದೇ. ಹೊತ್ತಿಗೆ ತಕ್ಕ ಹಾಗೆ ಬದಲಾಗುವುದು ಜಾಕೆಟ್. ಹಗಲಿಗೆ ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆಯ ಜಾಕೆಟ್, ಉಣ್ಣೆಯ ಟೈ. ರಾತ್ರಿಗೆ ಪ್ರಿನ್ಸ್ ಚಾರ್ಲಿ ಅನ್ನುವ ಗಿಡ್ಡ ಕಪ್ಪು ಜಾಕೆಟ್, ಬೆಳ್ಳಿ ಬಣ್ಣದ ಗುಂಡಿಗಳು, ಬೋ ಟೈ. ಟೋಪಿ ಈ ಜಾಕೆಟ್ಟಿನ ಜೋಡಿ. ಟ್ವೀಡ್ ಜೊತೆ ಬಾಲ್ಮೋರಲ್ ಎಷ್ಟು ಚೆನ್ನಾಗಿ ಕೂರುತ್ತದೋ, ಬೋ ಟೈ ಜೊತೆ ಅಷ್ಟೇ ಅಸಡ್ಡಾಳವಾಗಿ ಕಾಣುತ್ತದೆ. ಬಾಡಿಗೆ ಅಂಗಡಿಯವರು ಸಾಮಾನ್ಯವಾಗಿ ಪ್ರಿನ್ಸ್ ಚಾರ್ಲಿಯನ್ನೇ ಮುಂದಿಡುತ್ತಾರೆ. ಟ್ವೀಡ್ ಇದೆಯಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಸಿಗದಿದ್ದರೆ ಟೋಪಿಯ ಆಸೆ ಬಿಡಿ. ಈಗ ಸ್ಕಾಟ್ಲೆಂಡ್‌ನ ಮದುವೆಗಳಲ್ಲಿ ಕಿಲ್ಟ್ ಹಾಕಿದ ಗಂಡಸರು ಹೆಚ್ಚಿನವರು ಬರಿತಲೆಯಲ್ಲೇ ಇರುತ್ತಾರೆ. ನಿಮ್ಮನ್ನು ಯಾರೂ ಕೇಳುವುದಿಲ್ಲ.

ಆದರೂ ಬಾಲ್ಮೋರಲ್ ಹಾಕಿಕೊಳ್ಳಿ ಅಂತ ನಾನು ಒತ್ತಾಯ ಮಾಡುವುದಕ್ಕೆ ಕಾರಣ ಇದೆ. ಅಕ್ಟೋಬರ್, ತೋಟ, ಇನ್ವರ್ನೆಸ್. ಗಾಳಿ, ಜಿಟಿಜಿಟಿ ಮಳೆ ಎರಡಕ್ಕೂ ತಯಾರಾಗಿಯೇ ಹೋಗಬೇಕು. ಈ ಟೋಪಿ ಹುಟ್ಟಿದ್ದೇ ಅಂಥ ಹವೆಗೆ. ಸ್ಕಾಟ್ಲೆಂಡ್‌ನ ರೈತರು, ಕುರುಬರು ನೂರಾರು ವರ್ಷ ಹಾಕಿಕೊಂಡ ನೀಲಿ ಬಾನೆಟ್ಟೇ ಇದರ ಮೂಲ. ಉಣ್ಣೆಯ ದಾರದಲ್ಲಿ ಬೇಕಾದ್ದಕ್ಕಿಂತ ತುಂಬಾ ದೊಡ್ಡದಾಗಿ ಹೆಣೆಯುತ್ತಿದ್ದರು. ಆಮೇಲೆ ನೀರಿನಲ್ಲಿ ಹಾಕಿ ಕುಟ್ಟಿ, ತಿಕ್ಕಿ, ಕುಗ್ಗಿಸುತ್ತಿದ್ದರು. ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿ ದಪ್ಪ ಬಟ್ಟೆ ಆಗುತ್ತಿತ್ತು. ನಮ್ಮ ಚಳ್ಳಕೆರೆ ಕಡೆಯ ಕಂಬಳಿಯ ಹಾಗೆ, ಸಣ್ಣ ಮಳೆ ಮೇಲೇ ಜಾರಿ ಹೋಗುತ್ತದೆ. ಕಿಲ್ಮಾರ್ನಾಕ್, ಸ್ಟೂವರ್ಟನ್, ಡಂಡೀ ಊರುಗಳು ಈ ಕಸುಬಿಗೆ ಹೆಸರಾಗಿದ್ದವು. ಪಟ್ಟ ಕಳೆದುಕೊಂಡಿದ್ದ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ಪಟ್ಟಕ್ಕೆ ತರಲು ಎದ್ದ 1745ರ ದಂಗೆ ಸೋತ ಮೇಲೆ ಲಂಡನ್ ಸರ್ಕಾರ ಹೈಲ್ಯಾಂಡ್, ಅಂದರೆ ಸ್ಕಾಟ್ಲೆಂಡ್‌ನ ಉತ್ತರದ ಗುಡ್ಡಗಾಡಿನ ಗಂಡಸರು ಕಿಲ್ಟ್ ಉಡುವುದನ್ನೇ ನಿಷೇಧ ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲಕ್ಕೆ ಏಳು ವರ್ಷ ಗಡೀಪಾರು. 1782ರವರೆಗೆ ಆ ಕಾನೂನು ಇತ್ತು. ಅದು ಹೆಸರಿಸಿದ ಬಟ್ಟೆಗಳಲ್ಲಿ ಬಾನೆಟ್ ಇರಲಿಲ್ಲ. ಹೈಲ್ಯಾಂಡ್ ಜನರ ಮೈಮೇಲಿನ ಕಿಲ್ಟ್ ಹೋಯಿತು, ತಲೆಯ ಮೇಲಿನ ನೀಲಿ ಟೋಪಿ ಉಳಿಯಿತು. ಇದು ಗೊತ್ತಾದಾಗಿನಿಂದ ನನಗೆ ಆ ಟೋಪಿಯ ಮೇಲೆ ಗೌರವ ಜಾಸ್ತಿ. ನೀವು ಮದುವೆಗೆ ಹೋಗುವ ಊರಿನ ಪಕ್ಕದಲ್ಲೇ ಕಲೋಡನ್ ಇದೆ. 1746ರ ಏಪ್ರಿಲ್ 16ರಂದು ಆ ದಂಗೆ ಸೋತು ಮುಗಿದದ್ದು ಅಲ್ಲೇ.

ಹಾಕುವ ಬಗೆ ಹೇಳುತ್ತೇನೆ. ಬಾಲ್ಮೋರಲ್ ದುಂಡಗೆ, ಚಪ್ಪಟೆಯಾಗಿ ಇರುತ್ತದೆ. ನಡುನೆತ್ತಿಯಲ್ಲಿ ಒಂದು ಉಣ್ಣೆಯ ಕುಚ್ಚಿನ ಉಂಡೆ, ಅದಕ್ಕೆ ಟೂರಿ ಅಂತಾರೆ. ಹಿಂದೆ ಎರಡು ರಿಬ್ಬನ್ ತುದಿ ಇಳಿಬಿದ್ದಿರುತ್ತವೆ, ಅವು ಕತ್ತಿನ ನಡುವೆ ಬರಬೇಕು. ಪಟ್ಟಿ ಹುಬ್ಬಿನಿಂದ ಎರಡು ಬೆರಳು ಮೇಲೆ, ನೆಟ್ಟಗೆ ಕೂರಬೇಕು. ಕಪ್ಪು ರಿಬ್ಬನ್ನಿನ ಗಂಟು ಇರುವ ಕಡೆ ನಿಮ್ಮ ಎಡಗಣ್ಣಿನ ಮೇಲುಗಡೆಗೆ ಬರಲಿ. ಆಮೇಲೆ ಮೇಲಿನ ಅಗಲ ಬಟ್ಟೆಯನ್ನು ಅಂಗೈಯಲ್ಲಿ ಒತ್ತಿ ಬಲಗಿವಿಯ ಕಡೆ ಎಳೆಯಿರಿ. ಇಷ್ಟೇ. ಹೊಸ ಟೋಪಿ ಹಪ್ಪಳದ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಒಂದಿಷ್ಟು ನೀರು ಚಿಮುಕಿಸಿ, ತಲೆಯ ಮೇಲೆಯೇ ಇಟ್ಟುಕೊಂಡು ಒಣಗಿಸಿದರೆ ಮಾತು ಕೇಳುತ್ತದೆ.

ಗ್ಲೆನ್‌ಗ್ಯಾರಿ ಬೇರೆ ಥರದ್ದು. ಉದ್ದಕ್ಕೆ, ದೋಣಿಯಂತೆ, ಮಡಚಿದರೆ ಚಪ್ಪಟೆ. ಗ್ಲೆನ್‌ಗ್ಯಾರಿ ಅನ್ನುವ ಕಣಿವೆಯ ಮನೆತನದ ಮುಖ್ಯಸ್ಥ ಮ್ಯಾಕ್‌ಡೊನೆಲ್ ಹೆಸರಿನ ಜೊತೆ ಅದರ ಕಥೆ ಸೇರಿಕೊಂಡಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಸೈನ್ಯ ಅದನ್ನು ತನ್ನದು ಮಾಡಿಕೊಂಡಿತು. ಇವತ್ತಿಗೂ ಸ್ಕಾಟ್ಲೆಂಡ್ ರೆಜಿಮೆಂಟಿನ ಸೈನಿಕರ ತಲೆಯ ಮೇಲೆ, ಪೈಪ್ ಬ್ಯಾಂಡ್‌ನವರ ತಲೆಯ ಮೇಲೆ ಅದನ್ನು ನೋಡುತ್ತೀರಿ. ಸಾಮಾನ್ಯ ಜನರೂ ಹಾಕಬಹುದು, ಅಡ್ಡಿಯಿಲ್ಲ. ಆದರೆ ಮದುವೆಯಲ್ಲಿ ಬ್ಯಾಗ್‌ಪೈಪ್ ಊದಲು ಬಂದವರೂ ಅದನ್ನೇ ಹಾಕಿರುವ ಸಾಧ್ಯತೆ ಇದೆ. ಆಗ ನಿಮ್ಮನ್ನೂ ವಾದ್ಯದವರು ಅಂದುಕೊಳ್ಳುತ್ತಾರೆ. ಅಂಚಿನ ಸುತ್ತ ಕೆಂಪು ಬಿಳಿ ಚೌಕಳಿ ಇರುವ ಟೋಪಿಯಂತೂ ನೋಡಿದ ಕೂಡಲೇ ರೆಜಿಮೆಂಟನ್ನು ನೆನಪಿಗೆ ತರುತ್ತದೆ. ಅದು ಬೇಡ.

ಈಗ ನಿಮ್ಮ ಭಯದ ವಿಷಯ. ಮನಸ್ಸಿಗೆ ನೋವಾಗುವುದಿದ್ದರೆ ಅದು ಟೋಪಿಯಿಂದಲ್ಲ, ಟೋಪಿಗೆ ಚುಚ್ಚಿದ ಬ್ಯಾಡ್ಜಿನಿಂದ. ಸ್ಕಾಟ್ಲೆಂಡ್‌ನ ಅಂಗಡಿಗಳಲ್ಲಿ ಕ್ಲ್ಯಾನ್ ಬ್ಯಾಡ್ಜ್‌ಗಳು ಸಾಲುಸಾಲಾಗಿ ಮಾರಾಟಕ್ಕೆ ಇರುತ್ತವೆ. ಕ್ಲ್ಯಾನ್ ಅಂದರೆ ಒಬ್ಬ ಮುಖ್ಯಸ್ಥನ ಹಿಂದೆ ನಿಂತ ಮನೆತನಗಳ ಗುಂಪು. ಬ್ಯಾಡ್ಜಿನ ಸುತ್ತ ಬಕಲ್ ಹಾಕಿದ ಬೆಲ್ಟಿನ ಚಿತ್ರ ಇರುತ್ತದೆ, ಅದರ ಮೇಲೆ ಕ್ಲ್ಯಾನಿನ ಘೋಷವಾಕ್ಯ. ನಡುವೆ ಇರುವ ಲಾಂಛನ ಮುಖ್ಯಸ್ಥನದು. ನಾನು ಇವರ ಕಡೆಯವನು ಅಂತ ಅದನ್ನು ಹಾಕಿಕೊಂಡವರು ಹೇಳುತ್ತಿದ್ದಾರೆ ಅಂತ ಅರ್ಥ. ನೀವು ಹಾಸನದವರು. ಸುಮ್ನೆ ಚೆಂದ ಅಂತ ಕ್ಯಾಂಪ್‌ಬೆಲ್ ಬ್ಯಾಡ್ಜ್ ಚುಚ್ಚಿಕೊಂಡು ಮ್ಯಾಕ್‌ಡೊನಾಲ್ಡ್ ಮನೆ ಮದುವೆಗೆ ಹೋದರೆ ಹೇಗಿರುತ್ತೆ ಹೇಳಿ. 1692ರಲ್ಲಿ ಗ್ಲೆನ್‌ಕೋ ಕಣಿವೆಯಲ್ಲಿ ಮ್ಯಾಕ್‌ಡೊನಾಲ್ಡರು ಉಣ್ಣಲಿಕ್ಕಿ, ಜಾಗ ಕೊಟ್ಟು ಇರಿಸಿಕೊಂಡಿದ್ದ ಸರ್ಕಾರಿ ಸೈನಿಕರೇ ಅವರನ್ನು ಕೊಂದರು. ಆ ತುಕಡಿಯ ನಾಯಕ ಒಬ್ಬ ಕ್ಯಾಂಪ್‌ಬೆಲ್. ಅಲ್ಲಿಯ ಹಳೆಯ ಮನೆಗಳಲ್ಲಿ ಅದನ್ನು ಇನ್ನೂ ಮರೆತಿಲ್ಲ.

ಗರಿಗಳೂ ಹಾಗೆಯೇ. ಬ್ಯಾಡ್ಜಿನ ಹಿಂದೆ ಹದ್ದಿನ ಗರಿ ಮೂರು ಇದ್ದರೆ ಕ್ಲ್ಯಾನಿನ ಮುಖ್ಯಸ್ಥ, ಎರಡಿದ್ದರೆ ಅದರ ಕವಲೊಂದರ ಹಿರಿಯ, ಒಂದಿದ್ದರೆ ಸ್ವಂತ ಲಾಂಛನಕ್ಕೆ ಅಧಿಕೃತ ಮಾನ್ಯತೆ ಪಡೆದವನು. ಈ ಲಾಂಛನಗಳ ವ್ಯವಹಾರ ನೋಡಿಕೊಳ್ಳಲು ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿ, ಅವರದೇ ನ್ಯಾಯಾಲಯ ಕೂಡ ಇದೆ. ಕೆಂಪು ಗರಿಗುಚ್ಛ ಬ್ಲ್ಯಾಕ್ ವಾಚ್ ಎಂಬ ಸ್ಕಾಟಿಷ್ ಪಡೆಯ ಸೈನಿಕರದು. ನೀವು ಯಾವ ಗರಿಯನ್ನೂ ಮುಟ್ಟಬೇಡಿ. ಬ್ಯಾಡ್ಜ್ ಬೇಕೇ ಬೇಕು ಅನ್ನಿಸಿದರೆ ಥಿಸಲ್ ಹೂವಿನದು ತಗೊಳ್ಳಿ. ಅದು ಇಡೀ ಸ್ಕಾಟ್ಲೆಂಡ್‌ನದು, ಯಾವ ಮನೆತನಕ್ಕೂ ಸೇರಿದ್ದಲ್ಲ. ಬ್ಯಾಡ್ಜೇ ಇಲ್ಲದೆ ಬರೀ ಟೋಪಿ ಹಾಕಿದರೂ ಲಕ್ಷಣವಾಗಿಯೇ ಇರುತ್ತದೆ.

ಟಾರ್ಟನ್ ಅನ್ನುವ ಚೌಕಳಿ ಬಟ್ಟೆಯ ಟೋಪಿಗೆ ಕಿತ್ತಳೆ ಕೂದಲು ಅಂಟಿಸಿ ಮಾರುತ್ತಾರಲ್ಲ, ಅದು ಫುಟ್‌ಬಾಲ್ ಪಂದ್ಯಕ್ಕೆ. ಮದುವೆಗೆ ಖಂಡಿತ ಬೇಡ.

ನಿಮ್ಮ ಮನೆಯವರ ಸಲಹೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಕಿಲ್ಟ್ ಮೇಲೆ ಪಗಡಿ ಸ್ಕಾಟ್ಲೆಂಡ್‌ಗೆ ಹೊಸದೇನಲ್ಲ. ಅಲ್ಲಿಯ ಕೆಲವು ಸಿಖ್ಖರು ಹಾಗೆಯೇ ಉಡುತ್ತಾರೆ. ಸಿಂಗ್ ಹೆಸರಿನ ಟಾರ್ಟನ್ ಕೂಡ ಇದೆ. 2019ರಲ್ಲಿ ಮಲೇಷ್ಯಾದ ಶ್ರೀ ದಸ್ಮೇಶ್ ಪೈಪ್ ಬ್ಯಾಂಡಿನ ಸಿಖ್ಖರು ಗ್ಲಾಸ್ಗೋದ ವಿಶ್ವ ಸ್ಪರ್ಧೆಯಲ್ಲಿ ತಮ್ಮ ದರ್ಜೆಯಲ್ಲಿ ಗೆದ್ದರು. ಆದರೆ ಸಿಖ್ಖರ ಪಗಡಿ ದಿನಾ ಕಟ್ಟುವಂಥದ್ದು, ಅವರ ನಂಬಿಕೆಯ ಭಾಗ. ನಮ್ಮ ಜರಿ ಪೇಟ ಹಾಗಲ್ಲ. ನಮ್ಮಲ್ಲಿ ಪೇಟ ಏರುವುದು ಮದುಮಗನ ತಲೆಗೆ, ಇಲ್ಲವೇ ಸನ್ಮಾನ ಮಾಡಿಸಿಕೊಳ್ಳುವವರ ತಲೆಗೆ. ಮದುವೆಗೆ ಬಂದ ನೆಂಟರು ತಾವೇ ಪೇಟ ಇಟ್ಟುಕೊಂಡು ನಿಂತರೆ ಹಾಸನದಲ್ಲೂ ಸರಿ ಕಾಣಲ್ಲ, ಅಲ್ವಾ? ನಿಮ್ಮದೇ ಮದುವೆ ಆಗಿದ್ದರೆ ಕಿಲ್ಟ್ ಮೇಲೆ ಪೇಟ ಇಡಿ ಅಂತ ನಾನೇ ಹೇಳುತ್ತಿದ್ದೆ. ಈಗ ಒಂದು ಕೆಲಸ ಮಾಡಿ. ಮೈಸೂರಿನಿಂದ ಒಂದು ಪೇಟ ತರಿಸಿ, ಸಂಜೆ ಊಟದ ಹೊತ್ತಿಗೆ ಮದುಮಗನಿಗೆ ಉಡುಗೊರೆ ಕೊಡಿ. ನಿಮ್ಮ ಕೈಯಾರೆ ಅವನ ತಲೆಗೆ ಇಡಿ.

ಬಾಡಿಗೆ ಅಂಗಡಿಯಲ್ಲಿ ಟೋಪಿ ಇರುತ್ತದೆ ಅಂತ ನೆಚ್ಚಿಕೊಳ್ಳಬೇಡಿ, ಕೊಂಡುಕೊಳ್ಳುವುದೇ ಒಳ್ಳೆಯದು. ಟೇಪನ್ನು ಹುಬ್ಬಿನ ಮೇಲೆ, ಕಿವಿಯ ಮೇಲೆ ಹಾಯಿಸಿ ತಲೆಯ ಸುತ್ತಳತೆ ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ಎರಡು ಅಳತೆಗಳ ನಡುವೆ ಬಂದರೆ ದೊಡ್ಡದನ್ನೇ ತಗೊಳ್ಳಿ, ಹಿಂದಿನ ರಿಬ್ಬನ್ ಬಿಗಿ ಮಾಡಿಕೊಳ್ಳುವ ಹಾಗಿದ್ದರೆ ಸರಿಹೋಗುತ್ತದೆ. ಬಣ್ಣ ಕಡುನೀಲಿ, ಟೂರಿ ಕೆಂಪಿದ್ದರೂ ಆಯಿತು, ನೀಲಿ ಇದ್ದರೂ ಆಯಿತು. ಮದುವೆ ಶುರುವಾಗುವ ಮುಂಚೆ ಅಕ್ಕಪಕ್ಕದವರನ್ನು ನೋಡಿ, ಅವರು ಟೋಪಿ ತೆಗೆದರೆ ನೀವೂ ತೆಗೆಯಿರಿ. ಸೂರಿನ ಕೆಳಗೆ ಕಾಲಿಟ್ಟ ಕೂಡಲೇ ಯಾರನ್ನೂ ನೋಡದೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಿ.

— ಸಂಪಾದಕ