ಪಕ್ಕದ ತೋಟಕ್ಕೆ ಮಾವ ಹೇಳಿದ ರೇಟು

ಪ್ರಶ್ನೆ: ನಾನು ತಿಪಟೂರು ಕಡೆಯ ರೈತ. ಎರಡು ಎಕರೆ ತೆಂಗಿನ ತೋಟವಿದೆ. ನಮ್ಮ ತೋಟದ ಹಿಂದಿನ 1 ಎಕರೆ 10 ಗುಂಟೆ ಮಾರಾಟಕ್ಕಿದೆ. ಅದರ ಯಜಮಾನರನ್ನು ಚಿಕ್ಕಂದಿನಿಂದ ಮಾವ ಎಂದೇ ಕರೆದವನು ನಾನು. ‘ನೀನಂತ 40 ಲಕ್ಷ’ ಅನ್ನುತ್ತಾರೆ. ರಸ್ತೆ ಪಕ್ಕದ ಜಮೀನು ಅದೇ ರೇಟಿಗೆ ಹೋಯಿತಂತೆ. ಅವರು ತೋಟಕ್ಕೆ ಹೋಗುವುದು ಮೊದಲಿಂದಲೂ ನಮ್ಮ ಬದುವಿನ ಮೇಲೇ. ‘ದಾರಿ ಬಿಡಲ್ಲ ಅನ್ನು, ಅರ್ಧಕ್ಕೆ ಇಳೀತಾರೆ’ ಎಂದು ತಮ್ಮ ಹೇಳುತ್ತಾನೆ. ಹೆಂಡತಿ ಒಡವೆ ಅಡ ಇಡಲೂ ತಯಾರು. ಚೌಕಾಸಿ ಮಾಡಿದರೆ ಸಂಬಂಧ ಕೆಡುತ್ತಾ?

ಉತ್ತರ: ಚೌಕಾಸಿಯಿಂದ ಕೆಡುವುದಿಲ್ಲ, ತಮ್ಮನ ಮಾತು ಕೇಳಿದರೆ ಖಂಡಿತ ಕೆಡುತ್ತದೆ. ಯಾರ ಅಡ್ಡಿಯೂ ಇಲ್ಲದೆ, ಹಕ್ಕಿನಂತೆ 20 ವರ್ಷ ಓಡಾಡಿದ ದಾರಿಗೆ 1882ರ ಈಸ್‌ಮೆಂಟ್ (ಅನುಭೋಗದ ಹಕ್ಕಿನ) ಕಾಯ್ದೆಯಲ್ಲೇ ರಕ್ಷಣೆಯಿದೆ. ಬೆದರಿಸಿದಿರಿ ಅಂದುಕೊಳ್ಳಿ, ತೋಟವೂ ಇಲ್ಲ, ಮಾವನೂ ಇಲ್ಲ, ಕೋರ್ಟು ಮಾತ್ರ ನಿಮ್ಮ ಪಾಲಿಗೆ.

ಆದರೆ ದಾರಿಯ ವಿಷಯ ಬೆಲೆಯಲ್ಲಿ ಬರಲೇಬೇಕು. ಒಳಗಿನ ತೋಟಕ್ಕೆ ರಸ್ತೆ ಪಕ್ಕದ ರೇಟು ಯಾರು ಕೊಡುತ್ತಾರೆ? ‘ಮಾವ, ಅಲ್ಲಿ ಲಾರಿ ಬಾಗಿಲಿಗೇ ಬರುತ್ತೆ, ಇಲ್ಲಿ ಕಾಯಿ ಹೊತ್ತು ತರಬೇಕು ಅಲ್ವಾ’ ಎನ್ನಿ. ಅಷ್ಟು ಸಾಕು.

ಇನ್ನು ಲೆಕ್ಕ. ಒಟ್ಟು 50 ಗುಂಟೆಗೆ 40 ಲಕ್ಷ ಅಂದರೆ ಗುಂಟೆಗೆ 80 ಸಾವಿರ. ಪಹಣಿಯ 3ನೇ ಕಾಲಂ ನೋಡಿ. ಅದರಲ್ಲಿ 4 ಗುಂಟೆ ‘ಬ’ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ ಇದ್ದರೆ ಅದು ಸರ್ಕಾರದ್ದು, ಮಾರಲು ಮಾವನಿಗೆ ಹಕ್ಕಿಲ್ಲ. ಅಲ್ಲಿಗೇ 3 ಲಕ್ಷ 20 ಸಾವಿರ ಇಳಿಯಿತು. ಸರ್ವೆಯರ್ ಚೈನು ಹಿಡಿಯುವವರೆಗೆ ಒಟ್ಟು ಬೆಲೆ ಒಪ್ಪಬೇಡಿ, ಗುಂಟೆ ಲೆಕ್ಕದಲ್ಲೇ ಮಾತಾಡಿ. ಮಾರ್ಗಸೂಚಿ ಬೆಲೆ ತೋರಿಸಿ ವಾದಿಸಬೇಡಿ. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು, ಹಳ್ಳಿಯಲ್ಲಿ ಯಾರೂ ಅದಕ್ಕೆ ಮಾರುವುದಿಲ್ಲ. ಅಕ್ಕಪಕ್ಕದ ಒಳತೋಟಗಳು ಈಚೆಗೆ ಎಷ್ಟಕ್ಕೆ ಹೋದವು ಎಂದು ಕೊಂಡವರನ್ನೇ ಕೇಳಿ. ಮಾರಿದವರು ಜಾಸ್ತಿ ಹೇಳುತ್ತಾರೆ, ಅದು ಲೋಕಾರೂಢಿ.

ಒಂದು ಬೆಳಗ್ಗೆ ಸುಮ್ನೆ ತೋಟದಲ್ಲಿ ಓಡಾಡಿ. 25 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 70 ಮರ ಕೂರುತ್ತವೆ. ಅಲ್ಲಿ ಎಷ್ಟಿವೆ, ಎಷ್ಟು ಕಾಯಿ ಬಿಡುತ್ತಿವೆ ಎಣಿಸಿ. ಬುಡದ ಹತ್ತಿರ ಕಾಂಡ ಬಿರುಕು ಬಿಟ್ಟು ಕೆಂಪು ರಸ ಸೋರಿ ಕಪ್ಪಾಗಿದೆಯಾ ನೋಡಿ, ಅದು ರೋಗದ ಗುರುತು. ಬೋರ್‌ವೆಲ್‌ನಲ್ಲಿ ಏಪ್ರಿಲ್‌ನಲ್ಲಿ ಎಷ್ಟು ನೀರು ಬರುತ್ತೆ ಎಂದು ಕೆಲಸದವರು ಹೇಳಿಯಾರು.

ಇಷ್ಟಾದ ಮೇಲೆ ನಿಮ್ಮ ಕೊನೆಯ ರೇಟನ್ನು ಹೆಂಡತಿಯ ಜೊತೆ ಕೂತು ಚೀಟಿಯಲ್ಲಿ ಬರೆದಿಡಿ. ಪಕ್ಕದ ಜಮೀನು ನಿಮಗೆ ಬೇರೆಯವರಿಗಿಂತ ಬೆಲೆಯಾದದ್ದೇ, ಬೇಲಿ ಒಂದು, ಬೋರು ಒಂದು. ಆ ಲಾಭಕ್ಕೆ ಸ್ವಲ್ಪ ಜಾಸ್ತಿ ಕೊಡಿ. ಒಡವೆಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ತೆಂಗಿನ ಬೆಲೆ ಬಿದ್ದ ವರ್ಷ ಬಡ್ಡಿ ಕಟ್ಟುವವರು ಯಾರು?

ನಂತರ ಮಾವನ ಜಗಲಿಗೆ ಒಬ್ಬರೇ ಹೋಗಿ, ತಮ್ಮ ಬೇಡ. ನಿಮ್ಮ ರೇಟು ಒಂದೇ ಸಲ ಹೇಳಿ, ಕಾರಣ ಹೇಳಿ, ಕಾಫಿ ಕುಡಿದು ಎದ್ದು ಬನ್ನಿ. ವಾರ ಬಿಟ್ಟು ಅವರೇ ಕರೆಯಬಹುದು. ಕರೆದರೆ ಒಂದು ಮಾತು ಕೇಳಿ: ‘ಹೆಣ್ಣುಮಕ್ಕಳೂ ಸಹಿ ಹಾಕ್ತಾರಾ ಮಾವ?’ ಪಿತ್ರಾರ್ಜಿತವಾದರೆ ಅವರಿಗೂ ಪಾಲಿದೆ. ಅವರು ಒಪ್ಪುವವರೆಗೆ ಅಡ್ವಾನ್ಸ್ ಕೊಡಬೇಡಿ, ನೂರು ರೂಪಾಯಿಯನ್ನೂ.