ಲ್ಯಾಬಿನಲ್ಲಿ ಕಟ್ಟಿದ ಕರುಳಿನ ಬ್ಯಾಕ್ಟೀರಿಯಾ ಗುಂಪು ಮಾತ್ರೆಯಾಗಿ ಸಿಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕದ ಹತ್ತಿರ. ಆಂಟಿಬಯಾಟಿಕ್ ಮುಗಿದ ಮೇಲೆ ಅಮ್ಮನಿಗೆ ಆಗಾಗ ಭೇದಿ. ಅಮೆರಿಕದಲ್ಲಿ ನೂರಕ್ಕೂ ಜಾಸ್ತಿ ಬ್ಯಾಕ್ಟೀರಿಯಾ ಸೇರಿಸಿ ಕರುಳಿನಲ್ಲಿರುವಂಥದ್ದೇ ಗುಂಪು ಮಾಡಿದ್ದಾರಂತೆ. ಅದು ಮಂಗಳೂರಿನಲ್ಲಾದರೂ ಸಿಗಬಹುದಾ?

ಉತ್ತರ: ಇಲ್ಲ, ಎಲ್ಲೂ ಸಿಗುವುದಿಲ್ಲ. ಅಮ್ಮನನ್ನು ಈ ವಾರವೇ ಡಾಕ್ಟರಿಗೆ ತೋರಿಸಿ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಅದೇ ದಿನ ಹೋಗಿ. ಆಂಟಿಬಯಾಟಿಕ್ ನಂತರ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ರೋಗಾಣು ತಲೆ ಎತ್ತುವುದುಂಟು, ಅದಕ್ಕೆ ಮಲಪರೀಕ್ಷೆ ಇದೆ.

ನೀವು ಓದಿದ್ದು ಸ್ಟ್ಯಾನ್‌ಫೋರ್ಡಿನ ಮೈಕೆಲ್ ಫಿಶ್‌ಬ್ಯಾಕ್ ತಂಡದ ಕೆಲಸ ಇರಬೇಕು, 2022ರಲ್ಲಿ ಪ್ರಕಟವಾಯಿತು. ಅವರು 104 ಜಾತಿಗಳನ್ನು ಆಮ್ಲಜನಕ ಇಲ್ಲದ ಪೆಟ್ಟಿಗೆಯೊಳಗೆ ಒಂದೊಂದಾಗಿ ಬೆಳೆಸಿ, ಬೆರೆಸಿ, ಹುಟ್ಟಿನಿಂದಲೇ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಸಾಕಿದ ಇಲಿಗಳ ಹೊಟ್ಟೆಗೆ ಕೊಟ್ಟರು. ಅದು ನೆಲೆ ನಿಂತ ಮೇಲೆ ಮನುಷ್ಯರ ಮಲದ ಮಾದರಿಯನ್ನೂ ಕೊಟ್ಟು ನೋಡಿದರು, ಹೊಸದಾಗಿ ಯಾರು ಒಳಗೆ ಬರುತ್ತಾರೆ ಅಂತ. ನಮ್ಮ ಅಡಕೆ ತೋಟದಲ್ಲಿ ಬಾಳೆ, ಕೊಕ್ಕೋ, ಒಳ್ಳೆಮೆಣಸು ತುಂಬಿದ್ದರೆ ಕಳೆಗೆ ಜಾಗ ಸಿಗುವುದಿಲ್ಲ, ಖಾಲಿ ಬಿಟ್ಟಲ್ಲೇ ಏಳುತ್ತದೆ, ಅಲ್ವಾ? ಹಾಗೆ ಒಳಗೆ ಬಂದು ನಿಂತವು ಯಾವ ಜಾಗ ಖಾಲಿಯಿತ್ತು ಎಂದು ತೋರಿಸಿಕೊಟ್ಟವು. ನಿಲ್ಲದ 7 ಜಾತಿ ಬಿಟ್ಟು, ಹೊಸ 22 ಸೇರಿಸಿ 119 ಮಾಡಿದರು. ಈ ಎರಡನೇ ಗುಂಪು ರೋಗ ತರುವ ಇ. ಕೋಲಿಯನ್ನೂ ತಡೆಯಿತು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು.

ಹೀಗೆ ಗುಂಪು ಕಟ್ಟುವ ಬದಲು ಮಲವನ್ನೇ ಬಳಸಬಹುದಲ್ಲ ಅಂದರೆ, ಅದರಲ್ಲಿ ಏನೇನಿದೆ ಎಂದು ಪೂರ್ತಿ ಗೊತ್ತಿರುವುದಿಲ್ಲ, ಒಂದನ್ನು ಮಾತ್ರ ತೆಗೆಯಲೂ ಆಗುವುದಿಲ್ಲ. ಲ್ಯಾಬಿನಲ್ಲಿ ಕಟ್ಟಿದ ಗುಂಪಿನಲ್ಲಿ ಆಗುತ್ತದೆ. ಪಿತ್ತರಸದ ಆಮ್ಲಗಳನ್ನು ಬದಲಿಸುವ ಕ್ಲಾಸ್ಟ್ರಿಡಿಯಮ್ ಸಿಂಡೆನ್ಸ್, ತಣ್ಣಗಾದ ಅನ್ನದಲ್ಲಿರುವ ಸುಲಭಕ್ಕೆ ಜೀರ್ಣವಾಗದ ಪಿಷ್ಟವನ್ನು ಒಡೆಯುವ ರುಮಿನೋಕಾಕಸ್ ಬ್ರೋಮಿ, ಇಂಥ ಯಾವುದನ್ನಾದರೂ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಕಿ ನೋಡಿದರೆ ಯಾರ ಕೆಲಸ ಯಾವುದು ಅಂತ ತಿಳಿಯುತ್ತದೆ. ಆದರೆ ಈ ಕೆಲಸ ಆಗಿದ್ದು ಇಲಿಯಲ್ಲಿ.

ದಾನಿಗಳ ಮಲದಿಂದ ಮಾಡಿದ ಒಂದು ಕ್ಯಾಪ್ಸೂಲಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಅದು ಬೇರೆ, ಮತ್ತೆ ಮತ್ತೆ ಬರುವ ಡಿಫಿಸಿಲ್ ಸೋಂಕಿಗೆ ಮಾತ್ರ. ಮೆಡಿಕಲ್ ಶಾಪಿನ ಪ್ರೋಬಯಾಟಿಕ್‌ನಲ್ಲಿ ಇರುವುದು ಕೆಲವೇ ಜಾತಿ, ಸುಮ್ನೆ ದುಡ್ಡು ಹಾಕಬೇಡಿ. ಪರೀಕ್ಷೆ ಆಗುವವರೆಗೆ ಓಆರ್‌ಎಸ್, ಬಿಸಿ ಗಂಜಿ ಕೊಡಿ. ಭೇದಿ ನಿಲ್ಲಿಸುವ ಮಾತ್ರೆ ನೀವೇ ಕೊಡಬೇಡಿ.